ಚಿಲಕ ಹೊರಗಡೆ ಇತ್ತು

ಭಾನುವಾರ, ಜೂನ್ ೧೪

ಪ್ರೀತಿಯ ತಂಗಿ ಚಿಕ್ಕಿಗೆ,

ಅಕ್ಕನ ಆಶೀರ್ವಾದಗಳು. ಉತ್ತರ ತಡವಾಯಿತು, ಬೈದುಕೊಳ್ಳಬೇಡ. ದಿನವಿಡೀ ಫೋನಿಗೆ ಕಿವಿ ಕೊಟ್ಟು ಮನೆಗೆ ಬಂದರೆ ನನ್ನ ದನಿಯೇ ನನಗೆ ಬೇಡವೆನ್ನಿಸುತ್ತದೆ, ಇನ್ನು ಪೆನ್ನು ಎಲ್ಲಿ ಹಿಡಿಯಲಿ.

ಅದೇನು ಅಂಥ ಕೆಲಸ ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ತಮ್ಮನ್ನು ತಾವು ನೋಡಿಕೊಳ್ಳಲಾಗದ ದೊಡ್ಡವರನ್ನು ಯಾರೋ ಹೊಡೆಯುತ್ತಾರೆ, ಕೂಡಿಹಾಕುತ್ತಾರೆ ಎಂದು ನಮಗೆ ದೂರು ಬರುತ್ತದೆ. ಎಲ್ಲದಕ್ಕೂ ತನಿಖೆಗೆ ಜನ ಕಳಿಸಲು ಆಗುವುದಿಲ್ಲ. ಕಣ್ಣಾರೆ ನೋಡಿದಿರೋ, ಯಾರೋ ಹೇಳಿದ್ದೋ? ಈಗಲೂ ಅಪಾಯ ಇದೆಯೋ? ಹೊಡೆಯುವವರೇ ಊಟ ಹಾಕುವವರೋ? ಇದನ್ನೆಲ್ಲ ಕೇಳಿ, ಯಾವುದು ಮುಂದೆ ಹೋಗಬೇಕು, ಯಾವುದು ಅಲ್ಲೇ ನಿಲ್ಲಬೇಕು ಎಂದು ಜರಡಿ ಹಿಡಿಯುವವಳು ನಾನು. ನೀರಿನ ಜಗಳವನ್ನೂ ದೂರು ಮಾಡಿ ತರುವ ಪುಣ್ಯಾತ್ಮರಿದ್ದಾರೆ. ಮನೆಯಲ್ಲಿ ಅಳಿಯನೋ ಸೊಸೆಯೋ ಇದ್ದರೆ ಮೊದಲು ಅವರ ಬಗ್ಗೆಯೇ ವಿಚಾರಿಸುವುದು ನಮ್ಮ ಆಫೀಸಿನ ಅಭ್ಯಾಸ.

ಆ ಹಾಳು ಅಭ್ಯಾಸ ಈಗ ನಿನ್ನ ಮನೆಗೂ ಕಾಲಿಟ್ಟಿದೆ. ಹೋದ ಸಲ ಬಂದಾಗ ನಮ್ಮ ತಮ್ಮ ಗುಂಡನ ಕೋಣೆಗೆ ಚಿಲಕ ಹೊರಗಡೆ ಇತ್ತು. ನಲವತ್ತಾದರೂ ಅವನ ಬುದ್ಧಿ ಮಗುವಿನದೇ, ಬೀದಿಗೆ ಓಡುತ್ತಾನೆ, ಒಪ್ಪಿದೆ. ಆದರೆ ಗಂಡಹೆಂಡತಿ ನೀವಿಬ್ಬರೂ ಒಳಗೆ ಬಂದ ಕೂಡಲೇ ತಟ್ಟೆ ಎತ್ತಿಕೊಂಡು ಮೂಲೆಗೆ ಸರಿದನಲ್ಲ, ಅದು ನನ್ನ ತಲೆ ತಿನ್ನುತ್ತಿದೆ. ಮೊನ್ನೆ ಫೋನಿನಲ್ಲಿ ನಾನು ಕೇಳುವ ಮೊದಲೇ ಚೆನ್ನಾಗಿದ್ದೇನೆ ಎಂದ. ಪಕ್ಕದಲ್ಲಿ ಯಾರೋ ನಿಂತು ಹೇಳಿಕೊಟ್ಟಂತಿತ್ತು. ನಿಮ್ಮೆಜಮಾನರ ನಯವಾದ ಮಾತು ನನಗೆ ಎಂದೂ ಹಿಡಿಸಿಲ್ಲ. ಅವರು ನಿನ್ನ ಮೇಲೂ ಕೈಮಾಡುತ್ತಾರಾ? ನನ್ನಲ್ಲಿ ಮುಚ್ಚಿಡಬೇಡ. ನೀನಿದ್ದೀಯೆಂಬ ಧೈರ್ಯದಿಂದಲೇ ಗುಂಡನನ್ನು ಅಲ್ಲಿ ಬಿಟ್ಟಿದ್ದೇನೆ.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಕ್ಕ

ವಿ.ಸೂ.: ಇವತ್ತು ಸೋಮವಾರ. ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಬೆಳಿಗ್ಗೆ ನಿಮ್ಮ ಬೀದಿಯಿಂದಲೇ ಒಂದು ದೂರು ಬಂತು. ಮಾಡಿದವರು ಯಾರೆಂದು ನಾನು ಹೇಳುವಂತಿಲ್ಲ. ಕಣ್ಣಾರೆ ನೋಡಿದ್ದೇವೆ ಎಂದವರು, ಬೇಕಾದರೆ ಅವನನ್ನೇ ಕೇಳಿ ಎಂದು ಗುಂಡನ ಕೈಗೆ ಫೋನು ಕೊಟ್ಟರು. ಯಾರು ಹೊಡೆದರು ಮಗಾ ಎಂದೆ. ನಿನ್ನ ಗಂಡನ ಹೆಸರು ಬರುತ್ತದೆಂದು ಕಾದಿದ್ದೆ.

"ಚಿಕ್ಕಿ ಹೊಡೀತಾಳೆ, ಅಕ್ಕ. ಭಾವ ಬಂದು ಬಿಡಿಸ್ತಾರೆ."

ನಮ್ಮ ಮನೆಯವರ ಮೇಲಿನ ದೂರನ್ನು ನಾವು ಮುಟ್ಟುವಂತಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನವಳ ಕೈಗೆ ಫೋನು ಕೊಟ್ಟು ಎದ್ದೆ. ಅವಳು ಎಲ್ಲ ಕೇಳಿಕೊಂಡು ತನಿಖೆಗೆ ಕಳಿಸಿದಳು. ನಿಮ್ಮೆಜಮಾನರ ಬಗ್ಗೆ ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ. ಅವರೂ ಓದಲಿ, ನನ್ನನ್ನು ಕ್ಷಮಿಸಲಿ.

ಗುಂಡ ನಿನಗೆ ಮಾತ್ರ ಹೇಳಬೇಡ ಎಂದು ಅಂಗಲಾಚಿದ. ಈ ಕಾಗದ ನಿನ್ನನ್ನು ಮುಟ್ಟುವ ಹೊತ್ತಿಗೆ ಅವನು ನಿನ್ನ ಕೈಗೆ ಸಿಗದ ಕಡೆ ಇರುತ್ತಾನೆ. ಅದಕ್ಕೇ ಹೇಳುತ್ತಿದ್ದೇನೆ.