ಸೇವಂತಿ ಅಕ್ಕನ ಮದುವೆಯ ಬ್ಯಾಂಡ್

ವಿಲೆ ಪಾರ್ಲೆ, ಮುಂಬಯಿ
೧೯-೨-೧೯೫೬, ಭಾನುವಾರ

ಪ್ರೀತಿಯ ಅಪ್ಪನಿಗೆ ಚೆನ್ನಯ ಮಾಡುವ ನಮಸ್ಕಾರಗಳು.

ನಿಮ್ಮ ಬಲಗೈಗೆ ಎಣ್ಣೆ ಸಿಡಿದ ಗಾಯ ಮಾಗಿತೆ? ಹೋದ ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿ ಏಡನ್ನಿನ ಬಿಸಿಲಿನ ವಿಷಯಕ್ಕೆ ಹೋಗಿಬಿಟ್ಟಿದ್ದಿರಿ. ನನಗೆ ಅಂದಿನಿಂದ ಅದೇ ಯೋಚನೆ. ಕಂಪನಿಯ ಡಾಕ್ಟರಿಗೆ ತೋರಿಸಿದಿರೋ, ಅಥವಾ ಕ್ಯಾಂಟೀನಿನಲ್ಲೇ ತೆಂಗಿನೆಣ್ಣೆ ಸವರಿಕೊಂಡು ಮತ್ತೆ ಬಾಣಲೆಯ ಮುಂದೆ ನಿಂತಿರೋ? ದಯವಿಟ್ಟು ಬರೆಯಿರಿ. ನಾನು ಚೆನ್ನಾಗಿದ್ದೇನೆ. ದೊಡ್ಡಮ್ಮ ದಿನಾ ಬೆಳಿಗ್ಗೆ ಗಂಜಿಗೆ ತುಪ್ಪ ಹಾಕುತ್ತಾರೆ. ಹಾಸ್ಟೆಲಿನಲ್ಲಿ ಬೆಳೆದವನ ಮೈ ತುಂಬಲಿಕ್ಕೆ ಎರಡು ಮಳೆಗಾಲ ಬೇಕು ಎನ್ನುತ್ತಾರೆ. ಫಸ್ಟ್ ಇಯರ್ ಪರೀಕ್ಷೆ ಹತ್ತಿರ ಬಂತು. ಲಾಜಿಕ್ ಒಂದರಲ್ಲಿ ಭಯ ಇದೆ. ಉಳಿದದ್ದರಲ್ಲಿಯೂ ಇದೆ, ಆದರೆ ಸ್ವಲ್ಪ ಕಡಿಮೆ. ನನ್ನ ಕನ್ನಡದಲ್ಲಿ ಇಂಗ್ಲಿಷ್ ನುಗ್ಗಿದರೆ ನಗಬೇಡಿ, ನೀವೇ ಹಾಕಿದ ಸ್ಕೂಲು.

ಸೇವಂತಿ ಅಕ್ಕನ ಮದುವೆ ಬುಧವಾರ ಆಯಿತು. ದೊಡ್ಡಮ್ಮ ಕೂಡ ನಿಮಗೆ ಕಾಗದ ಬರೆಯುತ್ತಿದ್ದಾರೆ. ಅದರಲ್ಲಿ ಧಾರೆಯ ಹೊತ್ತಿಗೆ ಅಪಶಕುನ ಆಯಿತು, ಚೆನ್ನಯ ತಂದ ಬ್ಯಾಂಡಿನಿಂದ ಆಯಿತು ಎಂದು ಇರಬಹುದು. ಆದದ್ದನ್ನು ಮೊದಲು ನನ್ನಿಂದ ಕೇಳಿ. ಅಕ್ಕ ಹೋದ ಮನೆಯಲ್ಲಿ ಅವಳ ಹೆಸರಿಗೆ ಈ ಮಾತು ಅಂಟಿಕೊಳ್ಳಬಾರದು ಎನ್ನುವುದೊಂದೇ ನನ್ನ ಚಿಂತೆ. ನೀವು ಹುಡುಗಿಯ ಚಿಕ್ಕಪ್ಪ, ನಿಮ್ಮ ಮಾತಿಗೆ ಇಲ್ಲಿ ಬೆಲೆ ಉಂಟು.

ಊರಿನ ವಾದ್ಯದವರನ್ನೇ ದೊಡ್ಡಪ್ಪ ಹೇಳಿ ಇಟ್ಟಿದ್ದರು. ಆದರೆ ನಾಗಸ್ವರದ ಕೊರಗಪ್ಪಣ್ಣನ ಅಣ್ಣ ಊರಿನಲ್ಲಿ ತೀರಿಕೊಂಡು ಅವರಿಗೆ ಸೂತಕ ಬಂತು. ಸೂತಕದವರು ಮದುವೆಗೆ ಊದುವ ಹಾಗಿಲ್ಲ, ಬೇರೆ ಮೇಳಗಳೆಲ್ಲ ಅದೇ ಮುಹೂರ್ತಕ್ಕೆ ಬೇರೆ ಕಡೆ ಒಪ್ಪಿಕೊಂಡಿದ್ದವು. ದೊಡ್ಡಪ್ಪ ಸಾಂತಾಕ್ರೂಜಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳದೆಯೇ ನನ್ನನ್ನು ಕರೆದು, ನಿನ್ನ ಹಾಸ್ಟೆಲಿನಲ್ಲಿ ಬ್ಯಾಂಡ್ ಇತ್ತಲ್ಲ, ಒಂದು ಒಳ್ಳೆಯದನ್ನು ಹುಡುಕಿ ತಾ ಮಾರಾಯ, ನನಗೆ ಅದರದ್ದು ಎಂತ ಗೊತ್ತುಂಟು ಎಂದರು. ಹಾಸ್ಟೆಲಿನಲ್ಲಿ ಬ್ಯಾಂಡ್ ಇತ್ತು, ನಿಜ. ಆದರೆ ಸೇರಿದ ದಿನದಿಂದಲೇ ನನಗೆ ಅದರ ಸದ್ದು ಆಗಿಬರುತ್ತಿರಲಿಲ್ಲ. ಡ್ರಮ್ ಶುರುವಾದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದೆ. ಅದನ್ನು ದೊಡ್ಡಪ್ಪನಿಗೆ ಹೇಗೆ ಹೇಳಲಿ? ಆಗಲಿ ಎಂದು ತಲೆ ಆಡಿಸಿ ಬಂದೆ, ಬಂದು ಅಕ್ಕನ ಹತ್ತಿರ ಅತ್ತುಕೊಂಡೆ.

ಅಪ್ಪ, ಅಕ್ಕನ ಈ ಗುಣ ನಿಮಗೆ ಗೊತ್ತಿರಲಿಕ್ಕಿಲ್ಲ. ಅವಳು ಬ್ಯಾಂಡನ್ನು ಕಣ್ಣಲ್ಲಿ ಕಂಡವಳಲ್ಲ, ಆದರೆ ಎದುರಿನ ಬಿಲ್ಡಿಂಗಿನವರ ರೇಡಿಯೋ ಸಿಲೋನಿಗೆ ನಿತ್ಯ ನಮ್ಮ ಚಾಳಿನ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತಾ ಕಿವಿ ಕೊಟ್ಟು ಕೊಟ್ಟು ಪಳಗಿದವಳು. ಮದುವೆ ಗೊತ್ತಾದ ಮೇಲೆ ಅವಳು ಕೆಳಗಿಳಿಯುವ ಹಾಗಿರಲಿಲ್ಲ. ಹಾಗಾಗಿ ನನ್ನ ಕಿವಿಯನ್ನು ತಯಾರು ಮಾಡಿ ಕಳುಹಿಸಿದಳು. ಗುರುತಿಲ್ಲದ ಸಂಗೀತ ಬಂದರೆ ಮೊದಲು ಚೆಂದ ಉಂಟೋ ಇಲ್ಲವೋ ಎಂದು ಕೇಳಬೇಡ, ಮನೆಗೆ ಬಂದ ಹೊಸಬರನ್ನು ಹೊಸ್ತಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡ್ತಾರಾ, ಸುಮ್ಮನೆ ಒಳಗೆ ಬರಲಿಕ್ಕೆ ಬಿಡು ಎಂದಳು. ಮತ್ತೆ ಕೇಳುವಾಗ ಒಂದೇ ವಾದ್ಯದ ಬೆನ್ನು ಹಿಡಿದು ಹೋಗಬೇಕಂತೆ, ಅದೂ ಎದುರಿಗೆ ಮೆರೆಯುವ ದೊಡ್ಡದಲ್ಲ, ಹಿಂದೆ ಇರುವ ಸಣ್ಣದು. ಕೊನೆಗೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನಿಲ್ಲಿಸುವಾಗ ಕೇಳು. ಬಾರಿಸಲಿಕ್ಕೆ ಎಲ್ಲರಿಗೂ ಬರ್ತದೆ. ಒಟ್ಟಿಗೆ ನಿಲ್ಲಿಸಲಿಕ್ಕೆ ಬರುವವರನ್ನು ಕರ್ಕೊಂಡು ಬಾ." ಈ ಮದುವೆಯಲ್ಲಿ ಗಂಡು ಅಪ್ಪ ನೋಡಿದ್ದು, ಸೀರೆ ಅಮ್ಮ ನೋಡಿದ್ದು, ಬ್ಯಾಂಡ್ ಒಂದಾದರೂ ನಾನು ಕೇಳಿ ಆರಿಸಿದ್ದು ಇರಲಿ ಎಂದು ನಕ್ಕಳು. ನಗುತ್ತಲೇ ಇನ್ನೊಂದು ಮಾತು ಅಂದಳು. ತನ್ನನ್ನು ಕಳಿಸಿದ ದಿನ ಅಪ್ಪನಿಗೆ ಹೋಟೆಲಿನಲ್ಲಿ ಒಂದು ಮೇಜು ಖಾಲಿಯಾದಷ್ಟೇ, ಒರೆಸಿ ಮುಂದಿನ ಗಿರಾಕಿಯನ್ನು ಕೂರಿಸುತ್ತಾರೆ, ಎಂದು. ದೊಡ್ಡಪ್ಪ ಮನೆಯಲ್ಲಿ ಮಾತನಾಡುವುದೇ ಆರ್ಡರ್ ಕೂಗುವ ಧ್ವನಿಯಲ್ಲಿ, ನಿಮಗೆ ಗೊತ್ತಲ್ಲ.

ಹೀಗೆ ನನ್ನ ಅಲೆದಾಟ ಶುರುವಾಯಿತು. ಸ್ಟೇಷನ್ ಹತ್ತಿರದ ಇರಾನಿ ಹೋಟೆಲಿನಲ್ಲಿ ಒಂದು ಚಹಾ ಇಟ್ಟುಕೊಂಡು ಅವರ ರೇಡಿಯೋ ಕೇಳಿದೆ, ಚಹಾ ಆರಿ ಮಾಣಿ ಎರಡು ಸಲ ಮೇಜು ಒರೆಸಿ ಸನ್ನೆ ಮಾಡಿದ ಮೇಲೆ ಎದ್ದೆ. ಕಾಲೇಜು ಮುಗಿಸಿ ಕೋಟೆ ಪೇಟೆಯ ಒಂದು ಗ್ರಾಮಫೋನ್ ಅಂಗಡಿಗೆ ಹೋದೆ. ಅಲ್ಲಿ ಗಾಜಿನ ಗೂಡಿನಂಥ ಕೋಣೆ ಇದೆ. ಬಾಗಿಲು ಹಾಕಿಕೊಂಡು ರೆಕಾರ್ಡನ್ನು ಕೊಳ್ಳುವ ಮೊದಲು ಕೇಳಬಹುದು. ಒಂದನ್ನೂ ಕೊಳ್ಳದೆ ಅಷ್ಟೊಂದು ಕೇಳಿ ಹೊರಗೆ ಬರಲಿಕ್ಕೆ ಮಾತ್ರ ಇಂಗ್ಲಿಷ್ ಬೇಕು, ನೀವು ಕಟ್ಟಿದ ಫೀಸು ಅಲ್ಲಿ ಉಪಯೋಗಕ್ಕೆ ಬಂತು. ಮೊದಲ ರೆಕಾರ್ಡು ನನಗೆ ಪಾತ್ರೆ ಉರುಳಿಸಿದ ಹಾಗೆ ಕೇಳಿಸಿತು. ಅಕ್ಕ ಹೇಳಿದಂತೆ ಸುಮ್ಮನೆ ಕೂತೆ. ಮತ್ತೆ ಅದನ್ನೇ ಹಾಕಿಸಿ ಹಿಂದೆ ಇದ್ದ ಕ್ಲಾರಿನೆಟ್ಟಿನ ಬೆನ್ನು ಹಿಡಿದು ಹೋದೆ. ಅದು ಓಡುವ ಲೋಕಲಿನಲ್ಲಿ ಜನರ ನಡುವೆ ನುಸುಳಿ ಬಾಗಿಲಿಗೆ ಬರುವ ಮನುಷ್ಯನ ಹಾಗೆ ಎಲ್ಲರ ನಡುವಿನಿಂದ ಹೊರಗೆ ಬಂತು, ಅಪ್ಪ. ನನಗೆ ನಗು ಬಂತು. ಬ್ಯಾಂಡ್ ಕೇಳಿ ನಾನು ನಕ್ಕದ್ದು ಅದೇ ಮೊದಲು. ಶನಿವಾರ ಸಂಜೆ ಒಂದು ಕ್ಲಬ್ಬಿನ ಕಾಂಪೌಂಡ್ ಗೋಡೆಯ ಹೊರಗೆ ನಿಂತೆ. ಗಾಬರಿ ಬೇಡ, ಒಳಗೆ ಹೋಗಲಿಲ್ಲ, ಹೋದರೂ ಈಗಿನ ಪಾನನಿಷೇಧದ ಕಾನೂನಿನಲ್ಲಿ ಸಿಗುವುದು ಶರಬತ್ತು. ಗೋಡೆಯ ಹೊರಗಿನಿಂದ ಕೇಳುವುದು ಬಹಳ ಒಳ್ಳೆಯದು ಎಂದು ನನಗೆ ಕುರ್ಲಾಕ್ಕೆ ಹೋದಾಗ ತಿಳಿಯಿತು. ಅಲ್ಲಿ ಒಂದು ಬ್ಯಾಂಡಿನವರ ಜರಿಯ ಕೋಟು ನೋಡಿ ಮುಂಗಡ ಕೊಡುವುದರಲ್ಲಿದ್ದೆ. ಕಣ್ಣು ಮುಚ್ಚಿ ಕೇಳಿದರೆ ಒಬ್ಬ ನಿಲ್ಲಿಸಿದ ಮೇಲೂ ಇನ್ನೊಬ್ಬ ಊದುತ್ತಲೇ ಇದ್ದ.

ಕೊನೆಗೆ ಸಿಕ್ಕಿದ್ದು ಕಲೀನಾದಲ್ಲಿ, ಇಗರ್ಜಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಗೋವಾದ ಕಾಯ್ತಾನ್ ಮಾಸ್ತರರ ಬ್ಯಾಂಡ್. ಅವರ ಪ್ರಾಕ್ಟೀಸ್ ನಡೆಯುತ್ತಿತ್ತು. ಪ್ರೋಗ್ರಾಮಿಗಿಂತ ಪ್ರಾಕ್ಟೀಸ್ ಕೇಳಬೇಕು ಎನ್ನುವುದು ನಾನೇ ಕಂಡುಕೊಂಡದ್ದು, ಅಕ್ಕನಿಗೂ ಗೊತ್ತಿರಲಿಲ್ಲ. ಅಲ್ಲಿ ತಪ್ಪಿದರೆ ಏನು ಮಾಡುತ್ತಾರೆ ಎಂದು ಗೊತ್ತಾಗುತ್ತದೆ. ಇವರು ತಪ್ಪಿದಾಗ ಮಾಸ್ತರರು ತಪ್ಪನ್ನೇ ತಮ್ಮ ಕಹಳೆಯಲ್ಲಿ ಊದಿ ತೋರಿಸಿದರು, ಎಲ್ಲರೂ ನಕ್ಕರು, ಮತ್ತೆ ಮೊದಲಿನಿಂದ ಶುರು ಮಾಡಿದರು. ಆಮೇಲೆ ನಿಲ್ಲಿಸಿದರು ನೋಡಿ. ಮಾಸ್ತರರ ಕೈ ಇಳಿಯಿತು, ಅಷ್ಟೂ ವಾದ್ಯ ಒಂದೇ ಉಸಿರಿಗೆ ಮೌನ. ತಗಡಿನ ಮೇಲೆ ಕಾಗೆ ನಡೆಯುವುದು ಕೇಳಿಸಿತು. ಮನೆಗೆ ಬಂದು ಅಕ್ಕನಿಗೆ ಬಾಯಿಯಲ್ಲೇ ಬಾರಿಸಿ, ಥಟ್ಟನೆ ನಿಲ್ಲಿಸಿ ತೋರಿಸಿದೆ. ಅವಳು ಮೊರ ಕೆಳಗಿಟ್ಟು, ಇದೇ ಎಂದಳು.

ಮಾರನೆಯ ದಿನ ಮಾಸ್ತರರಿಗೆ ನಮ್ಮ ಮದುವೆಯ ಕ್ರಮ ವಿವರಿಸಿದೆ, ಅರ್ಧ ಇಂಗ್ಲಿಷ್, ಅರ್ಧ ಹಿಂದಿ. ದಿಬ್ಬಣ ಬರುವಾಗ ಏನು, ಊಟಕ್ಕೆ ಏನು. ಮುಖ್ಯವಾಗಿ, ಭಟ್ಟರು ಕೈ ಎತ್ತಿದಾಗ ಧಾರೆ, ಅದು ದಿ ಮೋಸ್ಟ್ ಹೋಲಿ ಮೊಮೆಂಟ್, ಆಗ ತಪ್ಪಬಾರದು ಎಂದೆ. ಅವರು ಎದೆಯ ಮೇಲೆ ಶಿಲುಬೆ ಬರೆದುಕೊಂಡು, "ಹಮ್ ಕೋ ಮಾಲುಮ್ ಹೈ, ಬಾಬಾ. ಹೋಲಿ ಮೊಮೆಂಟ್ ಮೇ ಕ್ಯಾ ಕರ್ನೇಕಾ, ವೋ ಹಮ್ ಕೋ ಮತ್ ಸಿಖಾವ್" ಎಂದರು. ಪವಿತ್ರ ಗಳಿಗೆಯಲ್ಲಿ ಏನು ಮಾಡಬೇಕೆಂದು ಅವರಿಗೆ ಕಲಿಸಬೇಕಾಗಿಲ್ಲವಂತೆ, ನನಗೆ ಸಮಾಧಾನವಾಯಿತು. ಗಟ್ಟಿಮೇಳ ಎಂಬ ಮಾತು ಬಾಯಿಗೆ ಬರಲೇ ಇಲ್ಲ. ಪವಿತ್ರ ಗಳಿಗೆ ಎಂದರೆ ಜೋರಾಗಿ ಬಾರಿಸುವುದು ಎಂದು ಯಾರಿಗಾದರೂ ಹೇಳಿಕೊಡಬೇಕೆ?

ಮುಹೂರ್ತದ ದಿನ ಚಾಳಿನ ಹಿಂದಿನ ಮೈದಾನದಲ್ಲಿ ಚಪ್ಪರ. ದಿಬ್ಬಣ ಬಂದಾಗ ಬ್ಯಾಂಡ್ ಎಷ್ಟು ಚೆಂದ ಬಾರಿಸಿತೆಂದರೆ ಗಂಡಿನ ಕಡೆಯ ಮುದುಕರೂ ಹೆಜ್ಜೆ ಹಾಕಿಕೊಂಡೇ ಒಳಗೆ ಬಂದರು. ಆಮೇಲೆ ಹುಡುಗ ಹುಡುಗಿಯ ಕೈ ಜೋಡಿಸಿ, ದೊಡ್ಡಪ್ಪ ಧಾರೆ ಗಿಂಡಿ ಎತ್ತಿದರು. ದೊಡ್ಡಮ್ಮ ಅವರ ಕೈಗೆ ಕೈ ತಾಗಿಸಿ ನಿಂತರು. ಭಟ್ಟರು ಕೈ ಎತ್ತಿದರು. ಆ ಕಡೆ ಕಾಯ್ತಾನ್ ಮಾಸ್ತರರ ಕೈ ಇಳಿಯಿತು.

ಎಲ್ಲ ನಿಂತುಹೋಯಿತು, ಅಪ್ಪ. ಬ್ಯಾಂಡಿನವರು ಟೋಪಿ ತೆಗೆದು ಎದೆಗೆ ಹಿಡಿದು ತಲೆ ತಗ್ಗಿಸಿದರು. ಭಟ್ಟರ ಕೈ ಮೇಲೆಯೇ ಉಳಿಯಿತು. ದೊಡ್ಡಪ್ಪನ ಗಿಂಡಿ ಆಗಲೇ ಬಾಗಿತ್ತು, ಬೀಳುವ ನೀರನ್ನು ನಿಲ್ಲಿಸಲಾಗಲಿಲ್ಲ. ಅಷ್ಟು ಜನರ ಚಪ್ಪರದಲ್ಲಿ ಆ ನೀರು ತಟ್ಟೆಗೆ ಬೀಳುವ ಸದ್ದು ಮಾತ್ರ. ಅದರ ಹಿಂದೆ ಇನ್ನೊಂದು ಸಣ್ಣ ಸದ್ದು. ನಾನು ಮೊದಲು ಯಾರೋ ಬ್ಯಾಂಡಿನವರು ನಿಲ್ಲಿಸಲು ಮರೆತರು ಎಂದುಕೊಂಡು ಅತ್ತ ನೋಡಿದೆ. ಅಲ್ಲ. ಅದು ದೊಡ್ಡಪ್ಪ. ಬಾಯಿ ಬಿಗಿಹಿಡಿದಿದ್ದರು, ಆದರೂ ಗಂಟಲಿನಿಂದ ಬರುತ್ತಿತ್ತು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ. ಗಟ್ಟಿಮೇಳ ಇರುತ್ತದೆ, ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ಮೊದಲೇ ಸಡಿಲ ಬಿಟ್ಟಿದ್ದರೋ ಏನೋ. ಅಕ್ಕ ತಲೆ ಎತ್ತಿ ನೋಡಿದಳು. ಮದುಮಗಳು ಆ ಹೊತ್ತಿಗೆ ತಲೆ ಎತ್ತಬಾರದು, ಆದರೂ ನೀರು ಮುಗಿಯುವವರೆಗೆ ಅಪ್ಪನನ್ನೇ ನೋಡಿದಳು.

ಆಮೇಲೆ ಗದ್ದಲ. ಭಟ್ಟರು ಬಾರಿಸಿ, ಬಾರಿಸಿ ಎಂದು ಕೂಗಿದರು, ಬ್ಯಾಂಡ್ ಶುರುವಾಯಿತು, ಆದರೆ ಹೊತ್ತು ಮೀರಿತ್ತು. ಗಂಡಿನ ಸೋದರತ್ತೆ ಒಬ್ಬರು, ಧಾರೆಗೆ ಮೇಳ ಇಲ್ಲ, ಅದರ ಮೇಲೆ ಅಳುವ ಸದ್ದು, ಇಂಥ ಹುಡುಗಿಯನ್ನು ಶಾಂತಿ ಮಾಡಿಸದೆ ಒಳಗೆ ಕರೆಯುವುದು ಹೇಗೆ ಎಂದರು. ಬ್ಯಾಂಡ್ ಹುಡುಗಿಯೇ ಬೇಕೆಂದು ತರಿಸಿದ್ದಂತೆ ಎಂದು ಇನ್ನೊಬ್ಬರು. ಎಲೆ ಹಾಕಿದ್ದರು, ಉಪ್ಪು ಬಡಿಸಿ ಆಗಿತ್ತು, ಗಂಡಿನ ಕಡೆಯವರು ಯಾರೂ ಕೂರಲಿಲ್ಲ. ನಾನು ಮಾಸ್ತರರ ಹತ್ತಿರ ಓಡಿದೆ. ಅವರ ಮುಖ ಬಿಳಿಚಿತ್ತು. "ತುಮ್ ನೇ ಹೀ ಬೋಲಾ ನಾ, ಹೋಲಿ ಮೊಮೆಂಟ್? ದೇವ್ ಆತಾ ಹೈ ತಬ್ ಕೌನ್ ಬಜಾತಾ ಹೈ?" ಎಂದರು. ದೇವರು ಬರುವ ಹೊತ್ತಿಗೆ ಯಾರಾದರೂ ಬಾರಿಸುತ್ತಾರೆಯೇ ಎಂದು ಅವರು ಕೇಳಿದಾಗ ನನಗೆ ನಮ್ಮ ಪಾದ್ರಿಗಳ ಹಾಸ್ಟೆಲಿನ ಚಾಪೆಲ್ ನೆನಪಾಯಿತು. ಅಲ್ಲಿ ಪ್ರಾರ್ಥನೆಯ ಹೊತ್ತಿಗೆ ಕೆಮ್ಮಿದರೂ ಏಟು. ಆ ಚಪ್ಪರದಲ್ಲಿ ಎರಡು ಕ್ರಮವೂ ಗೊತ್ತಿದ್ದವನು ನಾನೊಬ್ಬನೇ.

ಆಗ ಅಕ್ಕನ ಅತ್ತೆ, ಎಂದರೆ ಗಂಡಿನ ತಾಯಿ, ಎದ್ದು ಬಂದರು. ಕುರ್ಲಾದಲ್ಲಿ ಒಬ್ಬರೇ ನಿಂತು ಮಕ್ಕಳನ್ನು ಬೆಳೆಸಿದ ಹೆಂಗಸು, ಮಾತು ಕಡಿಮೆ. ತಮ್ಮ ನಾದಿನಿಯ ಕಡೆ ನೋಡಿ ಹೇಳಿದರು: "ನನ್ನ ಧಾರೆಗೆ ಏಳೂರಿಗೆ ಕೇಳುವ ಹಾಗೆ ವಾದ್ಯ ಇತ್ತು. ನನ್ನ ಅಪ್ಪ ಅತ್ತರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲಿಕ್ಕೆ ಈಗ ಅವರೂ ಇಲ್ಲ. ಇವಳಿಗೆ ಗೊತ್ತಾಯ್ತು. ಅದು ಅಪಶಕುನವಾ?" ಅಷ್ಟು ಹೇಳಿ, ಹೋಗಿ ಮೊದಲ ಎಲೆಯ ಮುಂದೆ ತಾವೇ ಕೂತರು. ಅವರು ಕೂತ ಮೇಲೆ ಉಳಿದವರು ಒಬ್ಬೊಬ್ಬರಾಗಿ ಕೂತರು. ಶಾಂತಿ ಮಾಡಿಸಬೇಕೆಂದ ಆ ಸೋದರತ್ತೆ ಕೊನೆಗೆ ಕೂತರು, ಪಾಯಸ ಮಾತ್ರ ಎರಡು ಸಲ ಹಾಕಿಸಿಕೊಂಡರು.

ಅಕ್ಕ ಹೊರಡುವಾಗ ಟ್ಯಾಕ್ಸಿಯ ಕಿಟಕಿಯಿಂದ ನನ್ನ ಕಿವಿ ಹಿಂಡಿ, ಸರಿಯಾದ ಬ್ಯಾಂಡನ್ನೇ ತಂದೆ ಮಾರಾಯ ಎಂದಳು. ದೊಡ್ಡಪ್ಪ ಆ ವಿಷಯ ಎತ್ತಿಲ್ಲ. ನಿನ್ನೆ ಮಾತ್ರ ಹೋಟೆಲಿನಿಂದ ಒಂದು ಟಿಫಿನ್ ಕ್ಯಾರಿಯರ್ ತುಂಬ ಮಂಗಳೂರು ಬನ್ಸ್ ತುಂಬಿಸಿ, ಕಲೀನಾಕ್ಕೆ ಕೊಟ್ಟು ಬಾ ಎಂದರು, ಅದೇ ಆರ್ಡರ್ ಕೂಗುವ ಧ್ವನಿಯಲ್ಲಿ. ದೊಡ್ಡಮ್ಮನಿಗೆ ಮಾತ್ರ ಇನ್ನೂ ಅಳುಕು. ಊರಿನಲ್ಲಿ ಏನಾದರೂ ಪೂಜೆ ಮಾಡಿಸಬೇಕೇ ಎಂದು ನಿಮ್ಮನ್ನು ಕೇಳುತ್ತಾರೆ. ಏನೂ ಬೇಡ ಎಂದು ನೀವು ಬರೆದರೆ ಅವರಿಗೆ ನಿದ್ದೆ ಬರುತ್ತದೆ.

ದೊಡ್ಡಪ್ಪ, ದೊಡ್ಡಮ್ಮ ನಿಮ್ಮನ್ನು ಬಹಳ ನೆನೆದಿದ್ದಾರೆ. ನೀವು ಕಳಿಸಿದ ಹಣದಲ್ಲಿ ದೊಡ್ಡಮ್ಮ ಆರಿಸಿದ ರೇಷ್ಮೆ ಸೀರೆಯನ್ನೇ ಅಕ್ಕ ಧಾರೆಗೆ ಉಟ್ಟಿದ್ದಳು. ಬಾಣಲೆಯಿಂದ ಸ್ವಲ್ಪ ದೂರ ನಿಲ್ಲಿ. ನಿಮ್ಮ ಆಶೀರ್ವಾದ ಲಾಜಿಕ್ ಪರೀಕ್ಷೆಯ ದಿನಕ್ಕೆ ಮುಟ್ಟುವ ಹಾಗೆ ಇರಲಿ.

ನಿಮ್ಮ ಮಗ,
ಚೆನ್ನಯ

ತಾ.ಕ.: ಟಪಾಲು ತೆಗೆಯುವವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಮ್ಮ ತೀರಿಕೊಂಡ ವರ್ಷ ನೀವು ನನ್ನನ್ನು ಮಂಗಳೂರಿನ ಹಾಸ್ಟೆಲಿನಲ್ಲಿ ಬಿಟ್ಟ ದಿನ ಅಂಗಳದಲ್ಲಿ ಬ್ಯಾಂಡ್ ಪ್ರಾಕ್ಟೀಸ್ ನಡೆಯುತ್ತಿತ್ತು, ನೆನಪಿದೆಯೆ? ನೀವು ಗೇಟಿನ ಕಡೆ ನಡೆದಿರಿ, ತಿರುಗಿ ನೋಡಲಿಲ್ಲ. ನಾನು ನಿಮ್ಮ ಬೆನ್ನನ್ನೇ ನೋಡುತ್ತಿದ್ದೆ, ಡ್ರಮ್ಮಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಕೇಳಲಿಕ್ಕೆ ಏನೂ ಇರಲಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಇತ್ತೇ ಅಪ್ಪ? ಕೈ ನೋಯುತ್ತಿದ್ದರೆ ಉದ್ದ ಬರೆಯಬೇಡಿ. ಒಂದೇ ಪದ ಸಾಕು.