ಹತ್ತೊಂಬತ್ತು ದಿನ ಬ್ಯಾಗಿನಲ್ಲಿ

ಸೋಮವಾರ, ಊಟದ ಬಿಡುವು

ನನ್ನ ಜಗಳಗಂಟಿ ಮಗಳೇ,

ನಿನ್ನ ಪತ್ರ ಶನಿವಾರ ಬಂತು. ಎರಡೇ ಸಾಲು ಬರೆದು ಸಹಿ ಹಾಕಿ ಕಳಿಸು ಎಂದಿದ್ದೀಯ: 'ನನ್ನ ಮಗಳ ಅರ್ಜಿಯನ್ನು ಮೊದಲ ದಿನವೇ ಅಂಚೆಗೆ ಹಾಕಿದ್ದೇನೆ.' ಶುಕ್ರವಾರ ಹನ್ನೊಂದು ಗಂಟೆಗೆ ವಿಚಾರಣೆ, ಅರ್ಜಿ ತಡಮಾಡಿ ಹಾಸ್ಟೆಲ್ ತಪ್ಪಿಸಿದ ನಿಮ್ಮ ಕಾಲೇಜಿನ ಆ ಟಪಾಲು ಗುಮಾಸ್ತನನ್ನು ಕೆಲಸದಿಂದ ತೆಗೆಸಿಯೇ ತೀರುವುದು ಎಂದೂ ಬರೆದಿದ್ದೀಯ.

ಆ ಎರಡು ಸಾಲು ನಾನು ಬರೆಯಲಾರೆ. ಅದು ಸುಳ್ಳು.

ನಿನ್ನ ಅರ್ಜಿಯ ಮೇಲೆ ಆ ಮನುಷ್ಯ ಕೂತಿರಲಿಲ್ಲ. ಕೂತವಳು ನಾನು. ನೀನು ಅಂಟು ಹಚ್ಚಿ ಕೊಟ್ಟ ಲಕೋಟೆ ಹತ್ತೊಂಬತ್ತು ದಿನ ನನ್ನ ಬ್ಯಾಗಿನಲ್ಲಿತ್ತು, ಬುತ್ತಿ ಡಬ್ಬಿಯ ಕೆಳಗೆ. ಪಕ್ಕದ ಕೌಂಟರಿನವಳು, "ಏನಕ್ಕಾ, ಒಳಗೆ ಚಿನ್ನ ಇದ್ಯಾ? ಹಂಗೆ ತಬ್ಕೊಂಡು ಕೂತಿದೀಯಲ್ಲ" ಎಂದು ನಕ್ಕಿದ್ದಳು.

ಮರೆತೆ ಅಂದಿದ್ದರೆ ನೀನು ನಂಬುತ್ತಿದ್ದೆ. ಮರೆಯಲಿಲ್ಲ. ದಿನವೂ ಅಂಚೆ ಡಬ್ಬಿಯ ಮುಂದೆಯೇ ನಡೆದು ಹೋದೆ. ಇಪ್ಪತ್ತು ವರ್ಷದಿಂದ ಕಾಲೇಜಿನ ಅರ್ಜಿ ಕೌಂಟರಿನಲ್ಲಿರುವ ನನಗೆ ತಡವಾದರೆ ಏನಾಗುತ್ತದೆಂದು ಗೊತ್ತಿಲ್ಲವೇ? ಮೊದಲ ವಾರ ಬಂದ ಅರ್ಜಿಯಲ್ಲಿ ಸಹಿ ಇಲ್ಲದಿದ್ದರೆ ಕರೆದು ಹಾಕಿಸುತ್ತೇವೆ, ಅಂಕಪಟ್ಟಿ ಬಿಟ್ಟಿದ್ದರೆ ಕೇಳಿ ತರಿಸುತ್ತೇವೆ. ಬೇಕಾದ ವಿಷಯವೂ ಸಿಗುತ್ತದೆ, ಹಾಸ್ಟೆಲ್ ಕೋಣೆಯೂ ಸಿಗುತ್ತದೆ. ಕೊನೆಯ ವಾರದ ಅರ್ಜಿಯಲ್ಲಿ ನಾವು ಹುಡುಕುವುದು ತಪ್ಪನ್ನು ಮಾತ್ರ. ಬೇಗ ಹಾಕಿ, ಬೇಗ ಹಾಕಿ ಎಂದು ಕಂಡವರ ಮಕ್ಕಳಿಗೆಲ್ಲ ಗಂಟಲು ಹರಿದುಕೊಂಡೆ. ನನ್ನ ಮಗಳ ಲಕೋಟೆಗೆ ಮಾತ್ರ ಸಾರಿನ ಕಲೆ ಹತ್ತಿಸಿದೆ.

ಯಾಕೆಂದರೆ ನೀನು ಆರಿಸಿದ್ದು ಒಂಬತ್ತು ಗಂಟೆ ದಾರಿಯ ಕಾಲೇಜನ್ನು. ನೀನು ನಮ್ಮ ಕಾಲೇಜಿಗೇ ಬಂದರೆ ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚಬಹುದು ಎಂದು ನಾನು ಲೆಕ್ಕ ಹಾಕಿದ್ದೆ. ಭೂವಿಜ್ಞಾನ ಅಂತ ಕಲ್ಲು ಓದೋಕೆ ಅಷ್ಟು ದೂರ ಹೋಗಬೇಕೇನೇ ಎಂದು ಅಣಕಿಸಿದಾಗ ನೀನು, "ನಿಮ್ಮ ಕಾಲೇಜಲ್ಲಿ ಕಲ್ಲಿನ ಪಾಠ ಇಲ್ವಲ್ಲಮ್ಮ, ಕಲ್ಲಿನಂಥೋರು ಮಾತ್ರ ಇದಾರೆ" ಅಂದೆ. ನಗು ಬಂತು. ಆದರೂ ಹಾಕಲಿಲ್ಲ.

ಇಪ್ಪತ್ತನೆಯ ದಿನ ಒಬ್ಬ ಅಪ್ಪ ಮಗಳನ್ನು ಕರೆದುಕೊಂಡು ಕೌಂಟರಿಗೆ ಬಂದ. ಅವತ್ತೇ ನಮ್ಮಲ್ಲಿ ಕೊನೆಯ ದಿನ. ಅರ್ಜಿಗೆ ಮುಖ್ಯೋಪಾಧ್ಯಾಯರ ಸಹಿ ಇರಲಿಲ್ಲ. "ಇಷ್ಟು ದಿನ ಏನ್ರೀ ಮಾಡ್ತಿದ್ರಿ? ಮಗಳ ಬಾಳು ಹಾಳು ಮಾಡೋಕೆ ನೀವೇ ಸಾಕು" ಅಂದೆ. ಅವನು ತಲೆ ತಗ್ಗಿಸಿದ. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ನನ್ನ ಮಾತು ನನಗೇ ಬಡಿಯಿತು. ಕೌಂಟರ್ ಮುಚ್ಚಿ, ಓಡಿಹೋಗಿ ನಿನ್ನ ಲಕೋಟೆಯನ್ನು ಅಂಚೆ ಕಚೇರಿಯಲ್ಲಿ ಕೊಟ್ಟುಬಂದೆ. ಸೀಟು ಸಿಕ್ಕಿತು. ಹಾಸ್ಟೆಲ್ ಸಿಗಲಿಲ್ಲ. ಮೋಟಾರು ರಿಪೇರಿ ಅಂಗಡಿಯ ಮೇಲಿನ ಕಿಟಕಿಯಿಲ್ಲದ ಕೋಣೆಗೆ ನಿನ್ನನ್ನು ದೂಡಿದವಳು ನಾನೇ.

ಈಗ ಗುಮಾಸ್ತನ ಮಾತು. ನಮ್ಮ ಕೆಲಸ ಕಾಯಂ ಮಾಡಿ ಎಂದು ಕಾಲೇಜಿನ ಗೇಟಿನ ಮುಂದೆ ನಲವತ್ತು ದಿನ ಕೂತವಳು ನಾನು. ನೀನು ಮಡಿಲಲ್ಲಿದ್ದೆ, ಘೋಷಣೆ ಕೂಗಿದರೆ ಮಾತ್ರ ನಿದ್ದೆ ಮಾಡುತ್ತಿದ್ದೆ. ಅಲ್ಲಿ ಕಲಿತದ್ದು ಇದು: ಮೇಲಿನವರು ತಪ್ಪಿಸಿಕೊಳ್ಳಬೇಕಾದಾಗ ಕೆಳಗಿನ ಒಬ್ಬನನ್ನು ನಮ್ಮ ಕೈಗೆ ಕೊಡುತ್ತಾರೆ. ನಾವು ಅವನನ್ನು ಹರಿದುಹಾಕಿ, ಗೆದ್ದೆವು ಎಂದು ಮನೆಗೆ ಹೋಗುತ್ತೇವೆ. ನೀನು ಮುಗಿಬೀಳಬೇಕಾದದ್ದು ಹಾಸ್ಟೆಲ್ಲಿನ ಆ ನಿಯಮದ ಮೇಲೆ. ಮೊದಲು ಅರ್ಜಿ ಹಾಕಿದವರಿಗೆ ಕೋಣೆಯಂತೆ. ಮೊದಲು ಹಾಕುವವರು ಯಾರು? ಮನೆಯಲ್ಲಿ ತಾರೀಖು ತಿಳಿದವರು, ಅರ್ಜಿ ತುಂಬಿಕೊಡುವ ಅಣ್ಣನೋ ಅಕ್ಕನೋ ಇರುವವರು. ಸುದ್ದಿಯೇ ತಡವಾಗಿ ತಲುಪುವ ಮನೆಯ ಹುಡುಗಿಗೆ ಬೀದಿಯೇ? ಇದನ್ನು ಕೇಳು, ಜೋರಾಗಿ ಕೇಳು. ಆದರೆ ಅಮ್ಮನ ಸುಳ್ಳಿನ ಮೇಲೆ ನಿಂತು ಕೇಳಬೇಡ. ನಡೆದದ್ದನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ. ವಿಚಾರಣೆಯಲ್ಲಿ ಕೊಡು. ನಿನ್ನ ಗೆಳತಿಯರ ಮುಂದೆ ನಿನಗೆ ಅವಮಾನ, ಗೊತ್ತು. ಕೊಡದಿದ್ದರೆ ಆ ಗುಮಾಸ್ತನಿಗೆ ಹೋಗುವುದು ಕೆಲಸ.

ಈಗಲೂ ಬೆಳಿಗ್ಗೆ ಬಚ್ಚಲ ಬಾಗಿಲು ತಟ್ಟುತ್ತೇನೆ, ಬೇಗ ಬಾರೇ ಎಂದು. ಆಮೇಲೆ ನಾನೇ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೇನೆ. ಯಾರಿಗೆ ಹೆದರಿ ಚಿಲಕವೋ. ದಿನವೆಲ್ಲ ನೂರಾರು ಜನರ ಜೊತೆ ಮಾತಾಡಿ ಬಂದು ಮನೆಯ ಬೀಗ ತೆಗೆದರೆ ಮತ್ತೆ ಬೆಳಗಿನವರೆಗೆ ಬಾಯಿಗೆ ಕೆಲಸವಿಲ್ಲ. ನೀನು ಕ್ಷಮಿಸಲಿ ಎಂದು ಇದನ್ನು ಬರೆದಿಲ್ಲ. ಇದಕ್ಕೇ ಹೆದರಿ ನಿನ್ನ ಲಕೋಟೆ ಅಡಗಿಸಿಟ್ಟೆ, ಅಷ್ಟೇ.

ಇಷ್ಟಾದರೂ ನಿನ್ನವಳೇ,
ಅಮ್ಮ

ವಿ.ಸೂ.: ಇಂದು ಗುರುವಾರ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಇದನ್ನು ಸೇರಿಸುತ್ತಿದ್ದೇನೆ. ಸೋಮವಾರದಿಂದ ಈ ಪತ್ರವೂ ಬುತ್ತಿ ಡಬ್ಬಿಯ ಕೆಳಗೇ ಇತ್ತು. ಈ ಕೈಯನ್ನು ಇನ್ನು ನಂಬುವಂತಿಲ್ಲ, ಅಂಚೆಗೆ ಹಾಕಿದರೆ ನಾಳೆಗೆ ತಲುಪುವುದೂ ಇಲ್ಲ. ನಾನೇ ತರುತ್ತಿದ್ದೇನೆ. ಬಾಗಿಲು ತೆಗೆದ ಕೂಡಲೇ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿನ್ನ ಇಷ್ಟ. ವಿಚಾರಣೆಗಂತೂ ಬರುತ್ತೇನೆ.