ಗೊರಕೆಗೆ ನಗದ ತಂಗಿಗೆ

ಪ್ರೀತಿಯ ಟೈಲರ್ ತಂಗಿ,

ನಾನು, ಬಸ್ ಡ್ರೈವರ್ ಅಣ್ಣ. ನೀನು ಊರು ಬಿಟ್ಟ ಮೇಲೆ ಫೋನಿನಲ್ಲಿ ಮಾತಾಡಿದಾಗಲೆಲ್ಲ ಹೇಳಬೇಕಾದ್ದನ್ನು ಬಿಟ್ಟು ಬಿಸಿಲು, ಸೆಕೆ ಅಂತ ಏನೇನೋ ಹರಟಿದೆ. ಬಾಯಿಗೆ ಬಾರದ್ದು ಕೈಗಾದರೂ ಬಂದೀತೆಂದು ಬರೆಯಲು ಕೂತಿದ್ದೇನೆ.

ಆಸ್ಪತ್ರೆಯ ಮಹಡಿಯ ಕೋಣೆಗೆ ನಾನು ಮೊದಲ ಸಲ ಬಂದದ್ದು ಹೆಂಡತಿಯ ಕಾಟ ತಡೆಯಲಾರದೆ. ಅದಕ್ಕೂ ಮುಂಚೆ ಹೋದಲ್ಲೆಲ್ಲ ಡಾಕ್ಟರುಗಳದ್ದು ಒಂದೇ ಮಾತು, "ತೂಕ ಇಳಿಸ್ರೀ." ಹೇಗೆ ಎಂದು ಕೇಳುವಷ್ಟರಲ್ಲಿ ಮುಂದಿನವರನ್ನು ಕೂಗಿಯಾಗಿರುತ್ತಿತ್ತು. ಇಲ್ಲಿ ದಪ್ಪ ಇರುವವರನ್ನೆಲ್ಲ ಒಟ್ಟಿಗೆ ಕೂರಿಸಿ ನೋಡುತ್ತಾರಂತೆ ಎಂದಾಗ, ಒಬ್ಬೊಬ್ಬರನ್ನೇ ಬೈದು ಸಾಕಾಗಿ ಈಗ ಸಗಟಿನಲ್ಲಿ ಬೈಯುತ್ತಾರೇನೋ ಅಂದುಕೊಂಡೆ.

ಬಂದು ನೋಡಿದರೆ ಕೈಗಳಿಲ್ಲದ ಅಗಲವಾದ ಕುರ್ಚಿಗಳು. ಎಷ್ಟೋ ಕಾಲದ ಮೇಲೆ ಸೊಂಟಕ್ಕೆ ಏನೂ ಒತ್ತದಂತೆ ಕೂತೆ. ಸಿಸ್ಟರ್ ಪರದೆಯ ಹಿಂದೆ ತೂಕ ನೋಡಿ, ಜೋರಾಗಿ ಓದಿ ಹೇಳದೆ ಬರೆದುಕೊಂಡರು. ಡಾಕ್ಟರಮ್ಮ ನಮ್ಮ ನಡುವೆಯೇ ಕುರ್ಚಿ ಎಳೆದುಕೊಂಡು ಕೂತು, ಒಬ್ಬರ ಸಕ್ಕರೆ ಕಾಯಿಲೆ, ಇನ್ನೊಬ್ಬರ ಬಿಪಿ, ಎಲ್ಲವನ್ನೂ ಅವರವರ ಒಪ್ಪಿಗೆ ಕೇಳಿ ಎಲ್ಲರೆದುರೇ ವಿಚಾರಿಸಿದರು. ನಿನ್ನ ಸರದಿ ಬಂದಾಗ ನೀನು, "ಊರವರದ್ದೆಲ್ಲ ಅಳತೆ ತಗೋತೀನಿ ಡಾಕ್ಟ್ರೇ, ನನ್ನ ಅಳತೆಗೆ ಮಾತ್ರ ಟೇಪ್ ಹಿಡಿಯೋಕೆ ಧೈರ್ಯ ಇಲ್ಲ" ಅಂದೆ. ಸುತ್ತ ಕೂತವರೆಲ್ಲ ನಮ್ಮ ಮನೆಯದೇ ಮಾತೆಂಬಂತೆ ತಲೆಯಾಡಿಸಿದರು.

ಆಮೇಲೆ ನಾನು. ಎಂದಿನಂತೆ ತಮಾಷೆಯಲ್ಲೇ ತೇಲಿಸಿಬಿಡೋಣ ಎಂದು, "ನನಗೇನಿಲ್ಲಮ್ಮ, ಗೊರಕೆ ಒಂದೇ. ನಾನು ಮಲಗಿದ್ರೆ ಪಕ್ಕದ ಮನೆಯವರು ಲಾರಿ ಬಂತು ಅಂತ ಗೇಟು ತೆಗೀತಾರೆ" ಅಂದೆ. ಕೋಣೆಯೆಲ್ಲ ಗೊಳ್ಳೆಂದಿತು. ನೀನೊಬ್ಬಳು ನಗಲಿಲ್ಲ.

"ಅಣ್ಣಾ, ಗೊರಕೆ ಮಧ್ಯೆ ಮಧ್ಯೆ ನಿಂತುಹೋಗುತ್ತಾ? ನಮ್ಮ ಮಾವನಿಗೆ ಹಾಗೇ ಆಗ್ತಿತ್ತು. ಹಗಲೆಲ್ಲ ಕೂತಲ್ಲೇ ತೂಕಡಿಸೋರು."

ಡಾಕ್ಟರಮ್ಮ ಕೂಡಲೇ ನನ್ನ ಕಡೆ ತಿರುಗಿದರು. "ಬಸ್ ಓಡಿಸುವಾಗ ಯಾವತ್ತಾದ್ರೂ ಕಣ್ಣು ಎಳೆದಿದೆಯಾ?"

ಇಲ್ಲ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಕೆಲ ದಿನಗಳ ಹಿಂದಷ್ಟೇ ಸಿಗ್ನಲ್ಲಿನಲ್ಲಿ ಹಿಂದಿನ ಗಾಡಿಯ ಹಾರ್ನಿಗೆ ನಾನು ಬೆಚ್ಚಿ ಎದ್ದಿದ್ದೆ. ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲದಷ್ಟು ಜನ. ಕಾಲು ಬ್ರೇಕಿನ ಮೇಲಿದ್ದುದರಿಂದ ಬದುಕಿದೆವು. ಕೆಲಸ ಹೋದರೆ ಮನೆಯ ಗತಿಯೇನು ಎಂಬ ಹೆದರಿಕೆಗೆ ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಒಬ್ಬನೇ ಡಾಕ್ಟರೆದುರು ಕೂತಿದ್ದರೆ ಖಂಡಿತ ಬಾಯಿ ಬಿಡುತ್ತಿರಲಿಲ್ಲ. ಆದರೆ ನೀವೆಲ್ಲ ಆಗಷ್ಟೇ ನಿಮ್ಮ ನಿಮ್ಮ ಸಂಕಟ ತೋಡಿಕೊಂಡಿದ್ದಿರಿ. "ಹೂಂ" ಅಂದುಬಿಟ್ಟೆ. ನೀನು ನಿನ್ನ ನೀರಿನ ಬಾಟಲಿಯನ್ನು ಮೆಲ್ಲಗೆ ನನ್ನತ್ತ ಸರಿಸಿದೆ.

"ಹೇಳಿದ್ದು ಒಳ್ಳೇದಾಯ್ತು. ನಿದ್ದೆಯಲ್ಲಿ ಉಸಿರು ಕಟ್ಟೋ ಕಾಯಿಲೆ ಇರಬಹುದು, ಇದಕ್ಕೆ ದಾರಿ ಇದೆ. ಪರೀಕ್ಷೆ, ಚಿಕಿತ್ಸೆ ಆಗೋವರೆಗೂ ಸ್ಟೀರಿಂಗ್ ಮುಟ್ಟಬೇಡಿ" ಅಂದರು ಡಾಕ್ಟರಮ್ಮ.

ಮುಂದಿನದು ನಿನಗೆ ಗೊತ್ತಿಲ್ಲ, ಅಷ್ಟರಲ್ಲಿ ನೀನು ಮಗಳ ಬಾಣಂತನಕ್ಕೆಂದು ಹೊರಟುಹೋದೆ. ಪರೀಕ್ಷೆಯಲ್ಲಿ ಕಾಯಿಲೆ ಇರುವುದು ಖಾತ್ರಿಯಾಯಿತು. ಕೆಲಸ ಹೋಗಲಿಲ್ಲ. ಡಿಪೊ ಮ್ಯಾನೇಜರ್ ಒಂದಷ್ಟು ಗೊಣಗಿ, ಪಾಸ್ ಕೊಡುವ ಕೌಂಟರಿಗೆ ಹಾಕಿದರು. ಮಲಗುವಾಗ ಮೂಗಿಗೆ ಹಾಕಿಕೊಳ್ಳಲು ಗಾಳಿಯೂದುವ ಯಂತ್ರ ಬಂತು. ಅದರ ಕೊಳವೆ ನೋಡಿ ಹೆಂಡತಿ, "ಆನೆ ಅಂತ ಬಾಯಿಮಾತಿಗೆ ಅಂತಿದ್ದೆ, ಈಗ ಸೊಂಡಿಲೂ ಬಂತಲ್ರೀ" ಎಂದು ಬಿದ್ದು ಬಿದ್ದು ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಇಷ್ಟು ವರ್ಷ ನನ್ನ ಎದೆಯ ಮೇಲೆ ಕೈಯಿಟ್ಟು, ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ಕಾಯುತ್ತಾ ಮಲಗಿದ್ದಳಂತೆ. ಈಗ ಅವಳೂ ಬೆಳಗಿನವರೆಗೆ ನಿದ್ದೆ ಮಾಡುತ್ತಾಳೆ. ಮೊನ್ನೆ ನಾನೇ ಮೊದಲು ಎದ್ದು ಕಾಫಿ ಮಾಡಿ, ಎಬ್ಬಿಸಲು ಮನಸ್ಸು ಬಾರದೆ ಅವಳ ಪಾಲಿನದನ್ನೂ ನಾನೇ ಕುಡಿದೆ.

ತೂಕ ಇಳಿದಿರುವುದು ಸ್ವಲ್ಪವೇ. "ನಿಧಾನಕ್ಕೆ ಇಳೀಲಿ, ಅವಸರ ಏನು" ಅನ್ನುತ್ತಾರೆ ಡಾಕ್ಟರಮ್ಮ. ಗುಂಪಿಗೆ ತಪ್ಪದೆ ಹೋಗುತ್ತೇನೆ. ನೀನೀಗ ಇರುವ ಊರಲ್ಲೂ ಅಂಥದೊಂದು ಗುಂಪು ಇದೆಯೇ ಎಂದು ಸಿಸ್ಟರನ್ನು ಕೇಳಿದ್ದೇನೆ. ಇದೆಯಂತೆ. ಮೊಮ್ಮಗು, ಹೊಲಿಗೆ ಅಂತ ನೆಪ ಹೇಳಬೇಡ, ಹೋಗು.

ಕಳೆದ ವಾರ ಡಾಕ್ಟರಮ್ಮ ಸಹಿ ಹಾಕಿಕೊಟ್ಟರು, ಮತ್ತೆ ಬಸ್ಸು ಹತ್ತಿದೆ. ಮಧ್ಯಾಹ್ನದ ಟ್ರಿಪ್ಪು, ಸುಡುಬಿಸಿಲು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಎಲ್ಲರೂ ತಲೆ ವಾಲಿಸಿ ಗಾಢ ನಿದ್ದೆಯಲ್ಲಿದ್ದರು. ಬಸ್ಸಿಗೆ ಬಸ್ಸೇ ಮಲಗಿತ್ತು ತಂಗಿ, ನಾನೊಬ್ಬ ಎಚ್ಚರವಾಗಿದ್ದೆ.

ನಿನ್ನ ಹೊಲಿಗೆ ಕೈ ಗಟ್ಟಿಯಾಗಿರಲಿ, ಮಗಳು, ಮೊಮ್ಮಗು ಸುಖವಾಗಿರಲಿ. ಈ ಅಣ್ಣನ ಆಯುಸ್ಸಿನಲ್ಲಿ ನಿನ್ನದೂ ಒಂದು ಪಾಲಿದೆ ಎಂಬುದು ನೆನಪಿರಲಿ.

ನಿನ್ನ,
ಬಸ್ ಡ್ರೈವರ್ ಅಣ್ಣ